ನಾಲ್ಕು ಪಾಲಿನ ಹೂಡಿಕೆ ಮತ್ತು ವರ್ತಕರು

ಅಮೆರಿಕದ ಹ್ಯಾರಿ ಬ್ರೌನ್ ಪ್ರತಿಪಾದಿಸಿದ ಕ್ರಮದಲ್ಲಿ ಉಳಿತಾಯವನ್ನು ಷೇರು, ದೀರ್ಘಾವಧಿ ಸರ್ಕಾರಿ ಸಾಲಪತ್ರ, ಚಿನ್ನ ಹಾಗೂ ನಗದಿಗೆ ಶೇ. 25ರಂತೆ ಹಂಚಲಾಗುತ್ತದೆ. ಯಾವುದೇ ಪಾಲು ಶೇ. 15ಕ್ಕೆ ಇಳಿದರೆ ಅಥವಾ ಶೇ. 35ಕ್ಕೆ ಏರಿದರೆ ಎಲ್ಲವನ್ನೂ ಮತ್ತೆ ಸಮಗೊಳಿಸತಕ್ಕದ್ದು.

2008ರಲ್ಲಿ ಸೆನ್ಸೆಕ್ಸ್ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ರೂಪಾಯಿ ಲೆಕ್ಕದಲ್ಲಿ ಚಿನ್ನ ಏರಿತು. ಅಂತಹ ವರ್ಷದಲ್ಲಿ 20 ಲಕ್ಷ ರೂ.ಗಳ ಪೈಕಿ ಷೇರಿನ 5 ಲಕ್ಷ 2.5 ಲಕ್ಷಕ್ಕೆ ಇಳಿದು, ಉಳಿದ ಮೂರು ಪಾಲು 17 ಲಕ್ಷವಾದವೆನ್ನೋಣ. ಷೇರಿನ ಪ್ರಮಾಣ ಶೇ. 13ಕ್ಕಿಂತ ಕಡಿಮೆ. ಆಗ ಉಳಿದವುಗಳಿಂದ ಸುಮಾರು 2.37 ಲಕ್ಷ ತೆಗೆದು ಷೇರು ಕೊಳ್ಳಬೇಕು. ಮನಸ್ಸು ಸುಲಭವಾಗಿ ಒಪ್ಪದ ಕೆಲಸವಿದು.

ವರ್ತಕನಿಗೆ ಅಂಗಡಿ, ಕಾರ್ಖಾನೆಗಳೇ ದೊಡ್ಡ ಷೇರು. ಮಾರುಕಟ್ಟೆ ಕುಗ್ಗಿದಾಗ ಗಿರಾಕಿಗಳ ಬಾಕಿಯೂ ತಡವಾಗುತ್ತದೆ. ಆದುದರಿಂದ ನಗದಿನ ಪಾಲನ್ನು ಹೆಚ್ಚಿಸಿ, ದುಡಿಯುವ ಬಂಡವಾಳದೊಡನೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿರಿಸುವುದು ಲೇಸು. ಮನೆಯ ಆಭರಣವನ್ನು ಚಿನ್ನದ ಪಾಲಿಗೆ ಸೇರಿಸಲಾಗದು. ಸಮಗೊಳಿಸುವ ದಿನ ಅದನ್ನು ಮಾರಲು ಮನೆಯವರು ಒಪ್ಪುವುದಿಲ್ಲ.