ಡಿಸ್ಕ್ ನಿಯಂತ್ರಕದ ದೋಷ: ಕಡತಗಳ ರಕ್ಷಣೆಯ ಕ್ರಮ

ಗಣಕಯಂತ್ರದ ಕಡತಗಳು ಕೆಟ್ಟಾಗ ವೈರಸ್ಸನ್ನೋ ಹಾರ್ಡ್ ಡಿಸ್ಕನ್ನೋ ದೂರುವುದು ವಾಡಿಕೆ. ಆದರೆ ಡಿಸ್ಕಿಗೂ ಮೆಮೊರಿಗೂ ನಡುವೆ ಮಾಹಿತಿಯನ್ನು ಸಾಗಿಸುವ ಡಿಸ್ಕ್ ನಿಯಂತ್ರಕದಲ್ಲಿಯೂ ದೋಷವಿರುವುದುಂಟು. ಈ ದೋಷವು ಎಚ್ಚರಿಕೆಯ ಸಂದೇಶವನ್ನು ನೀಡದೆಯೇ ಮಾಹಿತಿಯನ್ನು ಕೆಡಿಸಬಲ್ಲದು. ಅದನ್ನು ಅರಿಯದೆ ತೆಗೆದ ಹೊಸ ಪ್ರತಿಯು ಹಿಂದಿನ ಒಳ್ಳೆಯ ಪ್ರತಿಯನ್ನೂ ಅಳಿಸಿಬಿಡುತ್ತದೆ.

ಇದಕ್ಕೊಂದು ನಿದರ್ಶನವಿದೆ. 486 ಹಾಗೂ ಪೆಂಟಿಯಂ ಗಣಕಗಳ ಅನೇಕ ಮದರ್‌ಬೋರ್ಡುಗಳಲ್ಲಿ ಬಳಕೆಯಾಗಿದ್ದ ಆರ್‌ಝಡ್-1000 ಮತ್ತು ಸಿಎಂಡಿ-640 ಎಂಬ ಚಿಪ್‌ಗಳ ವಿನ್ಯಾಸದಲ್ಲಿಯೇ ಲೋಪವಿರುವುದು 1995ರಲ್ಲಿ ವ್ಯಾಪಕವಾಗಿ ಬೆಳಕಿಗೆ ಬಂದಿತು. ಮುಂದೆ ಬೇಕಾಗಬಹುದಾದ ಮಾಹಿತಿಯನ್ನು ಮೊದಲೇ ಓದಿಟ್ಟುಕೊಳ್ಳುವ ಸೌಲಭ್ಯವೇ ಅಲ್ಲಿ ಮುಖ್ಯ ತೊಡಕಾಗಿತ್ತು. ಏಕಕಾಲದಲ್ಲಿ ಹಲವು ಕೆಲಸಗಳು ನಡೆಯುವಾಗ ಮಾಹಿತಿ ಕೆಡುವ ಸಂಭವವಿತ್ತು. ಲಿನಕ್ಸ್ ತಂತ್ರಾಂಶವು ಈ ಚಿಪ್‌ಗಳನ್ನು ಗುರುತಿಸಿ ದೋಷವನ್ನು ಪರಿಹರಿಸುವ ಏರ್ಪಾಡನ್ನು ಮಾಡಿಕೊಂಡಿತು. ವೇಗವು ಶೇಕಡಾ ಕೆಲವಷ್ಟು ಕುಗ್ಗಿದರೂ ಮಾಹಿತಿ ಸುರಕ್ಷಿತವಾಯಿತು.

ಕಡತಗಳು ಅಕಾರಣವಾಗಿ ಕೆಡುತ್ತಿದ್ದರೆ ಕೆಳಕಂಡ ಕ್ರಮವನ್ನು ಅನುಸರಿಸುವುದು ಉಚಿತ.

1. ಕೂಡಲೇ ಬರೆಯುವ ಕೆಲಸವನ್ನು ನಿಲ್ಲಿಸಬೇಕು. ಡಿಸ್ಕನ್ನು ಸರಿಪಡಿಸುವ ತಂತ್ರಾಂಶವನ್ನು ಆ ಯಂತ್ರದಲ್ಲಿ ಓಡಿಸಬಾರದು. ಅದು ಮಾಡುವ ತಿದ್ದುಪಡಿಯೂ ದೋಷಯುಕ್ತ ನಿಯಂತ್ರಕದ ಮೂಲಕವೇ ಹಾದುಹೋಗುತ್ತದೆ.

2. ಹಳೆಯ ಪ್ರತಿಗಳನ್ನು ಪ್ರತ್ಯೇಕವಾಗಿರಿಸಬೇಕು. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ, ಅಲ್ಲಿಂದ ಪ್ರತಿಯನ್ನು ತೆಗೆಯಬೇಕು.

3. ಮೆಮೊರಿಯ ದೋಷವೂ ಇವೇ ಲಕ್ಷಣಗಳನ್ನು ತೋರುವುದರಿಂದ ಮೆಮೊರಿ ಪರೀಕ್ಷೆಯನ್ನು ರಾತ್ರಿಯಿಡೀ ನಡೆಸಬೇಕು. ಅನಂತರ ಕೇಬಲ್ಲನ್ನು ಬದಲಿಸಬೇಕು. ಡಿಸ್ಕಿನ ಸ್ಮಾರ್ಟ್ ವರದಿಯಲ್ಲಿ ಸಿಆರ್‌ಸಿ ದೋಷಗಳ ಸಂಖ್ಯೆ ಏರುತ್ತಿದ್ದರೆ ಕೇಬಲ್ ಅಥವಾ ಸಂಪರ್ಕವನ್ನು ಶಂಕಿಸಬೇಕು.

4. ದೊಡ್ಡ ಕಡತವೊಂದರ ಚೆಕ್‌ಸಮ್ಮನ್ನು ಹಲವು ಬಾರಿ ಲೆಕ್ಕಹಾಕಬೇಕು. ಇಲ್ಲವಾದರೆ ಮೆಮೊರಿಯಲ್ಲಿ ಉಳಿದ ನಕಲೇ ಪರೀಕ್ಷೆಗೆ ಒಳಗಾಗುವುದರಿಂದ ಪ್ರತಿ ಸಲವೂ ಯಂತ್ರವನ್ನು ಮರುಚಾಲನೆ ಮಾಡಬೇಕು. ಉತ್ತರವು ಪ್ರತಿ ಬಾರಿ ಬೇರೆಯಾದರೆ ದೋಷವು ಓದುವ ಮಾರ್ಗದಲ್ಲಿದೆ. ಡಿಸ್ಕಿನಲ್ಲಿರುವ ಮಾಹಿತಿ ಇನ್ನೂ ಸರಿಯಿರಬಹುದು. ಉತ್ತರವು ಒಂದೇ ಆಗಿದ್ದು ಮೂಲಕ್ಕೆ ಹೊಂದದಿದ್ದರೆ ಬರೆಯುವಾಗಲೇ ಮಾಹಿತಿ ಕೆಟ್ಟಿದೆಯೆಂದು ತಿಳಿಯಬೇಕು.

5. ಅದೇ ಡಿಸ್ಕು ಬೇರೆ ಯಂತ್ರದಲ್ಲಿ ಸರಿಯಾಗಿ ನಡೆದು, ಬೇರೆ ಡಿಸ್ಕು ಮೊದಲಿನ ಯಂತ್ರದಲ್ಲಿ ತಪ್ಪಿದರೆ, ಮೆಮೊರಿ ಮತ್ತು ಕೇಬಲ್ ನಿರ್ದೋಷಿಗಳಾಗಿದ್ದ ಪಕ್ಷದಲ್ಲಿ, ನಿಯಂತ್ರಕವೇ ಕಾರಣವಾಗಿರುವ ಸಂಭವ ಹೆಚ್ಚು. ಅದು ಪ್ರತ್ಯೇಕ ಕಾರ್ಡಾಗಿದ್ದರೆ ಬದಲಿಸಬೇಕು; ಮದರ್‌ಬೋರ್ಡಿನಲ್ಲಿಯೇ ಇದ್ದರೆ ಹೊಸ ಕಾರ್ಡೊಂದನ್ನು ಅಳವಡಿಸಿ ಡಿಸ್ಕನ್ನು ಅದಕ್ಕೆ ಜೋಡಿಸಬಹುದು.

ದುರಸ್ತಿಯಾದ ಬಳಿಕವೂ ಮರಳಿ ತುಂಬಿದ ಕಡತಗಳನ್ನು ತೆರೆದು ನೋಡುವುದು ಅಗತ್ಯ. ಮನೆಯ ಲೆಕ್ಕಪತ್ರವಾಗಲಿ, ಸಂಘದ ಸದಸ್ಯರ ಪಟ್ಟಿಯಾಗಲಿ, ಒಂದು ಪ್ರತಿಯನ್ನು ಬೇರೆ ಯಂತ್ರದಲ್ಲಿ ಪರಿಶೀಲಿಸಿ, ದಿನಾಂಕ ನಮೂದಿಸಿ, ಪ್ರತ್ಯೇಕವಾಗಿ ಇಟ್ಟುಕೊಳ್ಳುವುದು ಎಲ್ಲರಿಗೂ ಹಿತಕರ. ಯಂತ್ರವನ್ನು ಮತ್ತೆ ಕೊಳ್ಳಬಹುದು. ಕಳೆದುಹೋದ ದಾಖಲೆಯನ್ನು ಕೊಳ್ಳಲಾಗದು.