ಮಾತು ಕಳೆದುಕೊಂಡ ಜೀವಿ: ‘ಫ್ರಾಂಕನ್‌ಸ್ಟೈನ್’ ಕಾದಂಬರಿ ಮತ್ತು ಚಲನಚಿತ್ರ

ಮೇರಿ ಶೆಲ್ಲಿಯವರ ‘ಫ್ರಾಂಕನ್‌ಸ್ಟೈನ್’ ಕಾದಂಬರಿ 1818ರಲ್ಲಿ ಲಂಡನ್ನಿನಲ್ಲಿ, ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಅದನ್ನೂ ಅದರ ನಾಟಕರೂಪವನ್ನೂ ಆಧರಿಸಿ ಜೇಮ್ಸ್ ವೇಲ್ ನಿರ್ದೇಶಿಸಿದ ಚಲನಚಿತ್ರ 1931ರಲ್ಲಿ ತೆರೆಕಂಡಿತು. ಮೃತದೇಹದ ಭಾಗಗಳನ್ನು ಜೋಡಿಸಿ ಜೀವ ತುಂಬಿದ ವಿಜ್ಞಾನಿಯ ವೃತ್ತಾಂತ ಎರಡಕ್ಕೂ ಸಮಾನ. ಆದರೆ ಒಂದು ವ್ಯತ್ಯಾಸವು ಭಾಷಾಶಿಕ್ಷಕರ ವಿಶೇಷ ಗಮನಕ್ಕೆ ಅರ್ಹವಾಗಿದೆ: ಕಾದಂಬರಿಯ ಜೀವಿ ಮಾತನಾಡುತ್ತದೆ, ಚಿತ್ರದ ಜೀವಿಗೆ ಮಾತಿಲ್ಲ.

ಕಾದಂಬರಿಯಲ್ಲಿ, ಸೃಷ್ಟಿಸಿದವನೇ ತೊರೆದ ಜೀವಿಯು ಬಡ ಕುಟುಂಬವೊಂದರ ಮನೆಗೆ ತಾಗಿದ ಗುಡಿಸಲಿನಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರ ಮಾತುಗಳನ್ನು ಆಲಿಸುತ್ತದೆ. ಬೆಂಕಿ, ಹಾಲು, ರೊಟ್ಟಿ, ಕಟ್ಟಿಗೆ: ಅದು ಮೊದಲು ಕಲಿತ ಪದಗಳಿವು. ಆ ಮನೆಗೆ ಬಂದ ಪರದೇಶದ ತರುಣಿಗೆ ಫ್ರೆಂಚ್ ಪಾಠ ನಡೆಯುವಾಗ, ಹೊರಗಿದ್ದೇ ಅದೂ ಓದಲು ಕಲಿಯುತ್ತದೆ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಓದಿ ತನ್ನನ್ನು ಆದಾಮನೊಡನೆ ಹೋಲಿಸಿಕೊಳ್ಳುತ್ತದೆ. ಮನೆಯ ಅಂಧ ವೃದ್ಧ ಅದರ ಮಾತನ್ನಷ್ಟೇ ಕೇಳಿ ಆದರಿಸುತ್ತಾನೆ. ಕಣ್ಣುಳ್ಳ ಮಗ ರೂಪವನ್ನು ಕಂಡು ಹೊಡೆದಟ್ಟುತ್ತಾನೆ. ಕೇಡು ಬೆಳೆಯುವುದು ಈ ತಿರಸ್ಕಾರದಿಂದ.

ಚಿತ್ರವು ಈ ಕಲಿಕೆಯ ಭಾಗವನ್ನೇ ಕೈಬಿಟ್ಟಿದೆ. ಸಹಾಯಕ ಫ್ರಿಟ್ಜ್ ಕದ್ದು ತಂದ ಅಪರಾಧಿಯ ಮಿದುಳೇ ಅನಾಹುತಕ್ಕೆ ಮೂಲವೆಂದು ಸೂಚಿಸುತ್ತದೆ. ಹೀಗೆ ಸಮಾಜದ ಹೊಣೆ ಹುಟ್ಟುಗುಣದ ತಲೆಗೆ ಬೀಳುತ್ತದೆ. ಇದು ಚಿತ್ರದ ದೊಡ್ಡ ಕೊರತೆ.

ಆದರೆ ಬೋರಿಸ್ ಕಾರ್ಲಾಫ್ ಅವರ ಅಭಿನಯ ಈ ಸೂಚನೆಯನ್ನು ಒಪ್ಪುವುದಿಲ್ಲ. ಛಾವಣಿ ತೆರೆದಾಗ ಆ ಜೀವಿ ಬೆಳಕಿನತ್ತ ಕೈ ಚಾಚುತ್ತದೆ. ಸರೋವರದ ದಡದಲ್ಲಿ ಬಾಲಕಿ ಮಾರಿಯಾಳೊಡನೆ ಹೂಗಳನ್ನು ತೇಲಿಬಿಡುತ್ತದೆ. ಹೂ ಮುಗಿದಾಗ ಅವಳನ್ನೇ ನೀರಿಗೆಸೆಯುತ್ತದೆ. ಅಲ್ಲಿರುವುದು ಕ್ರೌರ್ಯವಲ್ಲ, ಅರಿವಿನ ಅಭಾವ. ವೇಲ್ ಅವರೇ 1935ರ ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ ಚಿತ್ರದಲ್ಲಿ ಅಂಧ ಸಂನ್ಯಾಸಿಯೊಬ್ಬನಿಂದ ಅದಕ್ಕೆ ‘ರೊಟ್ಟಿ’, ‘ಗೆಳೆಯ’ ಮೊದಲಾದ ಪದಗಳನ್ನು ಕಲಿಸಿದರು.

ಶಿಕ್ಷಕರಿಗೆ ಸೂಚನೆ: ಮನೆಮಾತು ಒಂದು, ಊರಿನ ವ್ಯವಹಾರದ ಭಾಷೆ ಮತ್ತೊಂದು ಆಗಿರುವ ನಮ್ಮ ತರಗತಿಗಳಲ್ಲಿ ಮೌನವಾಗಿ ಕುಳಿತ ಮಗುವಿಗೆ ಹೇಳಲು ಏನೂ ಇಲ್ಲವೆಂದು ತೀರ್ಮಾನಿಸಲಾಗದು. ಗೋಡೆಯಾಚೆ ಆಲಿಸುತ್ತಿರುವ ಕಲಿಕೆಯೂ ಕಲಿಕೆಯೇ. ಅದನ್ನು ಒಳಗೆ ಕರೆಯುವುದು ನಮ್ಮ ಕೆಲಸ.

ಅಭ್ಯಾಸ
1. ಜೀವಿಯ ಮಾತನ್ನು ತೆಗೆದುಹಾಕಿದ್ದರಿಂದ ಚಿತ್ರ ಗಳಿಸಿದ್ದೇನು, ಕಳೆದುಕೊಂಡಿದ್ದೇನು? ಚರ್ಚಿಸಿರಿ.
2. ಸರೋವರದ ದೃಶ್ಯವನ್ನು ಆ ಜೀವಿಯೇ ಹೇಳುವಂತೆ, ನಿಮ್ಮ ಮನೆಯ ಆಡುಮಾತಿನಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ.