ನಾಯಿಮರಿಗೆ ಚಳಿ ಅಂಗಿ: ಹಳೇ ಸ್ವೆಟರ್ ತೋಳು ಸಾಕು

ಬೀದರ್, ವಿಜಯಪುರ ಕಡೆ ಡಿಸೆಂಬರ್-ಜನವರಿ ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದುಂಟು. ತೋಟದ ಮನೆಯ ಸಣ್ಣ ನಾಯಿಗೆ ಹಳೇ ಸ್ವೆಟರ್ ತೋಳು ಕತ್ತರಿಸಿ, ಮುಂಗಾಲಿಗೆ ಎರಡು ತೂತು ಮಾಡಿ ತೊಡಿಸಿ. ಕುತ್ತಿಗೆ ಹತ್ತಿರ ಎರಡು ಬೆರಳು ಸಲೀಸಾಗಿ ತೂರಬೇಕು. ಗುಂಡಿ, ಲಾಡಿ ಬೇಡ, ಕಚ್ಚಿ ನುಂಗುತ್ತವೆ. ಇಬ್ಬನಿಗೆ ಒದ್ದೆಯಾದ್ರೆ ತಕ್ಷಣ ಬಿಚ್ಚಿ; ಒದ್ದೆ ಬಟ್ಟೆಗಿಂತ ಬರಿಮೈಯೇ ವಾಸಿ.

ಕಣ್ಣು ಬಿಡದ ಮರಿಗೆ ಮಾತ್ರ ಅಂಗಿ ಹಾಕಲೇಬೇಡಿ. ನಡುಗಿ ಮೈ ಬಿಸಿ ಮಾಡಿಕೊಳ್ಳೋ ಶಕ್ತಿ ಅವಕ್ಕಿನ್ನೂ ಬಂದಿರಲ್ಲ, ತಾಯಿ ಮೈಯ ಬಿಸಿಯೇ ಆಧಾರ. ಮಧ್ಯೆ ಬಟ್ಟೆ ಅಡ್ಡ ಬರಬಾರದು. ರಟ್ಟಿನ ಪೆಟ್ಟಿಗೆಯಲ್ಲಿ ಗೋಣಿಚೀಲ ಹಾಸಿ ತಾಯಿ ಜೊತೆ ಮಲಗಿಸಿ.

ಬೆಕ್ಕು ಅಂಗಿಗೆ ಒಪ್ಪೋದು ಅಪರೂಪ. ಅದು ಬಿಸಿ ಹುಡುಕಿಕೊಂಡು ಟ್ರ್ಯಾಕ್ಟರ್ ಎಂಜಿನ್ ಸಂದಿ ಸೇರುತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡೋ ಮುಂಚೆ ಬಾನೆಟ್ ಜೋರಾಗಿ ತಟ್ಟಿ, ಒಳಗೆ ಇಣುಕಿ ನೋಡಿ.